ಕೂಸಿನ ಕತ್ತಿನಲ್ಲಿ ಗಂಟು: ಸುಣ್ಣ-ಬೆಲ್ಲ ಹಚ್ಚಿದರೆ ಕರಗುತ್ತದೆಯೇ?

ಕೂಸಿನ ಕತ್ತಿನಲ್ಲಿ ಗಂಟು ಕಂಡರೆ ಸುಣ್ಣ-ಬೆಲ್ಲ ಹಚ್ಚಿ ಎಂಬಂಥ ಸಲಹೆ ವಾಟ್ಸಾಪ್‌ನಲ್ಲೂ ಸಿಗುತ್ತದೆ, ಮನೆಯ ಹಿರಿಯರಿಂದಲೂ ಸಿಗುತ್ತದೆ. ಬರೆ ಹಾಕಿಸಿ ಎನ್ನುವವರೂ ಇದ್ದಾರೆ. ಹಾಗೆ ಮಾಡಿದ ಮೇಲೆ ಗಂಟು ಕರಗಿದ್ದನ್ನು ಕಂಡವರು ಸುಳ್ಳು ಹೇಳುತ್ತಿಲ್ಲ. ಆದರೆ ಕರಗಿಸಿದ್ದು ಸುಣ್ಣವಲ್ಲ.

ಹುಟ್ಟಿದ 2ರಿಂದ 4 ವಾರಕ್ಕೆ ಕೆಲವು ಕೂಸುಗಳ ಕತ್ತಿನ ಒಂದು ಪಕ್ಕದಲ್ಲಿ ಗಟ್ಟಿ ಗಂಟು ಕಾಣುತ್ತದೆ. ತಲೆ ಗಂಟಿನ ಕಡೆಗೆ ವಾಲಿ, ಗದ್ದ ಎದುರು ದಿಕ್ಕಿಗೆ ತಿರುಗಿರುತ್ತದೆ. ಕಿವಿಯ ಹಿಂಭಾಗದಿಂದ ಎದೆಯ ಮೂಳೆಗೆ ಇಳಿಯುವ ಸ್ನಾಯುವೇ ಅಲ್ಲಿ ದಪ್ಪಗಾಗಿರುತ್ತದೆ. ವೈದ್ಯರು ಇದನ್ನು ಫೈಬ್ರೊಮ್ಯಾಟೋಸಿಸ್ ಕೊಲೈ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ಸ್ಪಷ್ಟವಾಗಿ ಗೊತ್ತಾಗುವುದರಿಂದ ಸಾಮಾನ್ಯವಾಗಿ ಸೂಜಿ ಚುಚ್ಚಿ ಪರೀಕ್ಷಿಸುವ ಅಗತ್ಯ ಬೀಳುವುದಿಲ್ಲ. ಹೆಚ್ಚಿನವು ವರ್ಷದೊಳಗೆ ತಾವೇ ಕರಗುತ್ತವೆ. ಕತ್ತು ವಾಲಿಯೇ ಉಳಿಯದಂತೆ ಫಿಸಿಯೋಥೆರಪಿಸ್ಟ್ ಕಲಿಸುವ ವ್ಯಾಯಾಮ ಮಾತ್ರ ಬೇಕೇ ಬೇಕು. ಎಣ್ಣೆ ನೀರೆರೆಯುವಾಗ ಗಂಟನ್ನು ಒತ್ತಿ ತಿಕ್ಕುವುದು, ಕತ್ತು ಎಳೆಯುವುದು ಆ ವ್ಯಾಯಾಮವಲ್ಲ.

ಎಲ್ಲ ಗಂಟೂ ಇದೇ ಅಲ್ಲ ಎನ್ನುವುದೇ ಇಲ್ಲಿನ ಅಪಾಯ. ಮೆತ್ತಗಿದ್ದು, ಟಾರ್ಚ್ ಹಿಡಿದರೆ ಬೆಳಕು ಹಾಯುವ ಊತ ಸಿಸ್ಟಿಕ್ ಹೈಗ್ರೋಮಾ ಆಗಿರಬಹುದು. ಇದು ದುಗ್ಧನಾಳಗಳ ಜನ್ಮಜಾತ ದೋಷ. ಸೋಂಕು ತಗುಲಿದರೆ ಅಥವಾ ಒಳಗೆ ರಕ್ತ ಸೋರಿದರೆ ಏಕಾಏಕಿ ಹಿಗ್ಗಿ ಉಸಿರಾಟಕ್ಕೆ ಅಡ್ಡಿಯಾದೀತು. ಬರೆಯ ಗಾಯ ಸೋಂಕಿಗೆ ಬಾಗಿಲು ತೆರೆದಂತೆ. ಕತ್ತಿನ ನಡುವೆ ಇದ್ದು, ನುಂಗುವಾಗ ಮೇಲೆ-ಕೆಳಗೆ ಆಡುವ ಗಂಟು ಥೈರಾಯ್ಡ್‌ಗೆ ಸಂಬಂಧಿಸಿದ್ದಿರಬಹುದು. ಎಡ ತೋಳಿಗೆ ಬಿಸಿಜಿ ಲಸಿಕೆ ಹಾಕಿದ ವಾರಗಳ ನಂತರ ಎಡ ಕಂಕುಳಲ್ಲಿ, ಕೆಲವೊಮ್ಮೆ ಅದೇ ಕಡೆಯ ಕತ್ತಿನ ಬುಡದಲ್ಲಿ ಗ್ರಂಥಿ ಊದುವುದುಂಟು. ಅದು ಬಹುಪಾಲು ತಾನೇ ಇಳಿಯುತ್ತದೆ. ಹಾಗೆಂದು ಲಸಿಕೆ ಬಿಡಬೇಡಿ. ಆದರೆ ಮನೆಯಲ್ಲಿ ಯಾರಿಗಾದರೂ ಕ್ಷಯವಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಆಶಾ ಕಾರ್ಯಕರ್ತೆ 42ನೇ ದಿನದವರೆಗೆ 6 ಸಲ ಮನೆಗೆ ಬಂದು ನೋಡಬೇಕು. ಸ್ನಾಯುವಿನ ಗಂಟು ಕಾಣಿಸಿಕೊಳ್ಳುವುದೂ ಇದೇ ದಿನಗಳಲ್ಲಿ. ಅವರಿಗೆ ಕತ್ತು ತೋರಿಸಿ. ಶಹಾಪುರ, ಸುರಪುರದವರು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದರೆ ಯಾದಗಿರಿಗೋ ಕಲಬುರಗಿಗೋ ಶಿಫಾರಸು ಪತ್ರ ಕೇಳಬಹುದು. ಗಂಟು ಮೊದಲು ಕಂಡ ದಿನ ಬರೆದಿಟ್ಟುಕೊಳ್ಳಿ, ವಾರಕ್ಕೊಂದು ಫೋಟೊ ತೆಗೆಯಿರಿ. ನಮ್ಮ ಲೆಕ್ಕದಲ್ಲಿ ಆ ಫೋಟೊ ಗುಂಪಿಗಿಂತ ವೈದ್ಯರಿಗೇ ಹೆಚ್ಚು ಉಪಯೋಗ.

ಉಸಿರಾಡುವಾಗ ಗೊರಗೊರ ಸದ್ದು, ಹಾಲು ಕುಡಿಯಲಾಗದಿರುವುದು, ಜ್ವರ, ಒಂದೆರಡು ದಿನದಲ್ಲೇ ಹಿಗ್ಗಿದ ಊತ: ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.