ಸರ್ಪಗಂಧಿಯ ಬೇರು, ನೀಲಿಯ ಹಂದರ

ಹೊಳಲ್ಕೆರೆ ಸೀಮೆಯವರಿಗೆ ನಾರುಬೇರಿನ ಮದ್ದು ಹೊಸತೇನಲ್ಲ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ಯೋಗದೊಡನೆ ಆಯುರ್ವೇದವನ್ನೂ ಇಲ್ಲಿಯ ಜನರಿಗೆ ಬಳಕೆಮಾಡಿಕೊಟ್ಟವರು. ‘ಎಲ್ಲವೂ ನಮ್ಮ ಹಿರಿಯರಿಗೆ ತಿಳಿದಿತ್ತು’ ಎಂಬ ಮಾತೂ ಇಲ್ಲಿ ಸುಲಭವಾಗಿ ಹೊರಡುವುದುಂಟು. ಸರ್ಪಗಂಧಿಯ ಚರಿತ್ರೆ ಆ ಮಾತನ್ನು ಅರ್ಧ ಎತ್ತಿಹಿಡಿಯುತ್ತದೆ, ಅರ್ಧ ತಿದ್ದುತ್ತದೆ.

ಸೂತ್ರನಾಭಿಯೆಂದೂ ಹೆಸರುಳ್ಳ ಈ ಗಿಡ ನಮ್ಮ ಬಯಲಿನದಲ್ಲ, ಮಲೆನಾಡಿನ ತೇವದ ಕಾಡಿನದು. ಬಿಹಾರದ ಜನ ಇದರ ಬೇರನ್ನು ‘ಹುಚ್ಚಿನ ಮದ್ದು’ ಎಂದೇ ಕರೆಯುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸ್ ಎಂಬ ವೈದ್ಯರು, ಇದು ಉನ್ಮಾದವನ್ನೂ ರಕ್ತದೊತ್ತಡವನ್ನೂ ತಗ್ಗಿಸುವುದೆಂದು ಬರೆದರು. ಪಶ್ಚಿಮ ಕಿವಿಗೊಡಲಿಲ್ಲ. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರ ಲೇಖನ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆಯೇ ಅದು ಕಣ್ಣುಬಿಟ್ಟದ್ದು! 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪೀನ್ ಎಂಬ ಸಾರವನ್ನು ಬೇರ್ಪಡಿಸಿದರು. ಎರಡು ವರ್ಷದೊಳಗೆ ಅದು ಅಮೆರಿಕದ ಮಾನಸಿಕ ಆಸ್ಪತ್ರೆಗಳನ್ನು ಹೊಕ್ಕಿತು. ನಮ್ಮ ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಸಂಸ್ಥೆ ಡಾ. ಗೋವಿಂದಸ್ವಾಮಿಯವರ ಮುಂದಾಳುತನದಲ್ಲಿ ತಲೆಯೆತ್ತಿದ್ದೂ 1954ರಲ್ಲಿಯೇ.

ಹಿರಿಯರಿಗೆ ತಿಳಿಯದಿದ್ದುದು ಈ ಸಾರದ ಒಳಕಟ್ಟು. ಅದರಲ್ಲಿ ‘ಇಂಡೋಲ್’ ಎಂಬ ಹಂದರವಿದೆ: ಆರು ಪರಮಾಣುಗಳ ಬಳೆಗೆ ಐದರ ಬಳೆಯೊಂದು ಹೆಣೆದುಕೊಂಡು, ಕಿರಿಯ ಬಳೆಯಲ್ಲೊಂದು ಸಾರಜನಕ. 1866ರಲ್ಲಿ ಜರ್ಮನಿಯ ಬೇಯರ್ ಬಟ್ಟೆಗೆ ಹಾಕುವ ನೀಲಿಯ ಬೆನ್ನುಹತ್ತಿ ಹೋಗಿ ಇದನ್ನು ಕಂಡನು. ಇಂಡಿಗೋ ಎಂಬ ನೀಲಿಯ ಹೆಸರೇ ಇದಕ್ಕೂ ಅಂಟಿತು. ನಮ್ಮ ಮಿದುಳಿನ ಸೆರೊಟೋನಿನ್ ನಿಂತಿರುವುದೂ ಇದೇ ಹಂದರದ ಮೇಲೆ. 1990ರ ದಶಕದಲ್ಲಿ ಅರೆತಲೆನೋವಿಗೆ ಬಂದ ಸುಮಟ್ರಿಪ್ಟಾನ್ ಕೂಡ ಇದರದೇ ಬಳ್ಳಿ. ಕನ್ನಡದ ಮೇಷ್ಟರಿಗೆ ಇದು ಅಷ್ಟೇನೂ ವಿಚಿತ್ರವಲ್ಲ. ಕುಮಾರವ್ಯಾಸನ ಯುದ್ಧವನ್ನೂ ಕನಕದಾಸರ ನಳನ ಅಳಲನ್ನೂ ಭಾಮಿನಿಯೊಂದೇ ಹೊತ್ತಿತಲ್ಲವೆ?

ಆದರೆ ರಿಸರ್ಪೀನ್ ಪಡೆದ ರೋಗಿಗಳಲ್ಲಿ ಕೆಲವರು ಕಡು ವಿಷಾದಕ್ಕೆ ಇಳಿದರು. ಮದ್ದು ಹಿಂದೆ ಸರಿಯಿತು. ಅದು ಎತ್ತಿದ ಪ್ರಶ್ನೆ ಉಳಿಯಿತು. ರಿಸರ್ಪೀನ್ ಮಿದುಳಿನ ಸೆರೊಟೋನಿನ್ ಸಂಗ್ರಹವನ್ನು ಬರಿದುಮಾಡುವುದೆಂದು 1955ರಲ್ಲಿ ಅಮೆರಿಕದ ಬ್ರೋಡಿಯ ತಂಡ ತೋರಿಸಿತು. 1957ರಲ್ಲಿ ಸ್ವೀಡನ್ನಿನ ಕಾರ್ಲ್‌ಸನ್, ರಿಸರ್ಪೀನಿನಿಂದ ಜಡವಾಗಿ ಬಿದ್ದ ಮೊಲಗಳಿಗೆ ಎಲ್-ಡೋಪಾ ಚುಚ್ಚಿದಾಗ ಅವು ಎದ್ದು ಓಡಾಡಿದವು. ಕಂಪವಾತದ ರೋಗಿಗಳು ಇಂದು ನುಂಗುವ ಮಾತ್ರೆಗೆ ದಾರಿ ತೆರೆದದ್ದು ಅಲ್ಲಿಂದ. 2000ದಲ್ಲಿ ಕಾರ್ಲ್‌ಸನ್ನನಿಗೆ ನೊಬೆಲ್ ಬಹುಮಾನವೂ ಬಂದಿತು. ಆ ಎಲ್-ಡೋಪಾ ನಸುಗುನ್ನಿಯ ಬೀಜದಲ್ಲಿದೆ. ಮೈಗೆ ತಾಕಿದರೆ ತುರಿಕೆ ಹತ್ತಿಸುವ ಆ ಬಳ್ಳಿಯ ಬೀಜದಿಂದ 1937ರಲ್ಲಿಯೇ ಮದರಾಸಿನ ದಾಮೋದರನ್, ರಾಮಸ್ವಾಮಿ ಎಂಬಿಬ್ಬರು ಅದನ್ನು ಬೇರ್ಪಡಿಸಿದ್ದರು.