ಅರಗಿನ ಹೊಳಪು

ನಿಮ್ಮ ಮನೆಯ ಹಳೆಯ ಬೀಟೆ ಕುರ್ಚಿಯ ಹೊಳಪಿನ ಹಿಂದೆ ಪುಟ್ಟ ಕೀಟವೊಂದು ಇರಬಹುದು! ಮುತ್ತುಗದಂಥ ಮರಗಳ ಕೊಂಬೆಗಳಲ್ಲಿ ಬದುಕುವ ಈ ಕೀಟ ಸ್ರವಿಸುವ ಅಂಟೇ ಅರಗು. ಮಹಾಭಾರತದಲ್ಲೂ ಅರಗಿನ ಮನೆಯ ಕಥೆಯಿದೆ.

ಯೂರೋಪಿನಲ್ಲಿ ಮೊದಲು ಪೀಠೋಪಕರಣಗಳಿಗೆ ಮೇಣ, ಎಣ್ಣೆ ತಿಕ್ಕುತ್ತಿದ್ದರು. ಅರಗನ್ನು ಮದ್ಯಸಾರದಲ್ಲಿ ಕರಗಿಸಿ, ಬಟ್ಟೆಯುಂಡೆಯಿಂದ ಪದರ ಪದರವಾಗಿ ತಿಕ್ಕುವ ‘ಫ್ರೆಂಚ್ ಪಾಲಿಶ್’ 19ನೇ ಶತಮಾನದ ಆರಂಭದಲ್ಲಿ ಅಲ್ಲಿ ಜನಪ್ರಿಯವಾಯಿತು. ನಮ್ಮ ಬಡಗಿಗಳಿಗೂ ಆ ಹೆಸರು ರೂಢಿಯಾಯಿತು.

ತೇವ ಹೀರಿದ ಮರ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ, ಕೊನೆಗೆ ಬಿರುಕು. ಅರಗಿನ ತೆಳುಪದರ ಈ ಏರಿಳಿತವನ್ನು ನಿಧಾನಗೊಳಿಸುತ್ತದೆ. ಆದರೆ ಬಿಸಿ ಲೋಟ ಇಟ್ಟರೆ ಅದರ ಮೇಲೆ ಬಿಳಿ ಕಲೆ ಬೀಳುತ್ತದೆ, ಸ್ಪಿರಿಟ್ ತಾಗಿದರೆ ಪದರವೇ ಕರಗುತ್ತದೆ.

ಆ ಗುಣವೇ ಅನುಕೂಲವೂ ಹೌದು: ಹೊಸ ಅರಗು ಹಳೆಯದರೊಡನೆ ಬೆಸೆದುಕೊಳ್ಳುತ್ತದೆ. ಆದ್ದರಿಂದ ಮಾಸಿದ ಕುರ್ಚಿಯನ್ನು ಕೆರೆದು ಬಣ್ಣ ಬಳಿಯುವ ಮುನ್ನ ಬಲ್ಲ ಬಡಗಿಯೊಬ್ಬರನ್ನು ಕೇಳಿ.