ಹೆಸರು ಅದೇ, ಒಡೆತನ ಬೇರೆ: ಮನೆಯ ಕಂಪ್ಯೂಟರಿನ ಅನುಮತಿ ತೊಡಕುಗಳ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಯಂತ್ರ ಸರಿಯಾಗಿ ಓಡುತ್ತಿದೆ, ಫೋಲ್ಡರ್ ಕಣ್ಣೆದುರಿಗೇ ಇದೆ, ತೆರೆಯಲು ಹೋದರೆ ಮಾತ್ರ ‘ಆಕ್ಸೆಸ್ ಡಿನೈಡ್’ ಎಂಬ ಉತ್ತರ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಈ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಮನೆಯವರು ಇದನ್ನು ‘ಫೋಲ್ಡರ್ ಲಾಕ್ ಆಗಿದೆ’ ಎನ್ನುತ್ತಾರೆ. ಕೆಲವರು ವೈರಸ್ ಹೊಕ್ಕಿದೆ ಎಂದು ಗಾಬರಿಯಾಗುತ್ತಾರೆ. ರಿಪೇರಿಗೆ ಕೊಟ್ಟರೆ ಬಹಳ ಸಲ ಸಿಗುವ ಸಲಹೆ ಒಂದೇ: ಫಾರ್ಮ್ಯಾಟ್ ಹೊಡೆಸಿ ಹೊಸದಾಗಿ ವಿಂಡೋಸ್ ಹಾಕಿಸಿ.

ಈ ಟಿಪ್ಪಣಿಯ ವಾದ ಇಷ್ಟು. ವಿಂಡೋಸ್ ತನ್ನ ಕಡತಗಳ ಹಕ್ಕನ್ನು ಬಳಕೆದಾರರ ಹೆಸರಿಗೆ ಬರೆದುಕೊಳ್ಳುವುದಿಲ್ಲ, ಒಂದು ಗುರುತು ಸಂಖ್ಯೆಗೆ ಬರೆದುಕೊಳ್ಳುತ್ತದೆ. ಮನೆಯ ಅನುಮತಿ ತೊಡಕುಗಳಲ್ಲಿ ಹೆಚ್ಚಿನವು ಆ ಸಂಖ್ಯೆ ಬದಲಾದದ್ದರಿಂದ, ಇಲ್ಲವೇ ಬೇರೆಯವರ ಸಂಖ್ಯೆಗೆ ದಾಖಲಾದದ್ದರಿಂದ ಹುಟ್ಟುತ್ತವೆ. ಆದ್ದರಿಂದ ಮೊದಲು ದಾಖಲೆ ಓದಬೇಕು, ಆಮೇಲೆ ತಿದ್ದಬೇಕು. ಫಾರ್ಮ್ಯಾಟ್ ಮಾಡಿದರೆ ಸಂಖ್ಯೆ ಇನ್ನೊಮ್ಮೆ ಬದಲಾಗುತ್ತದೆ, ತೊಡಕು ಮುಂದಕ್ಕೆ ಹೋಗುತ್ತದೆ.

2. ಹಿನ್ನೆಲೆ

ವಿಂಡೋಸ್ 95 ಮತ್ತು 98ರ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅವು ಬಳಸುತ್ತಿದ್ದ ಫ್ಯಾಟ್ ಕಡತ ವ್ಯವಸ್ಥೆಯಲ್ಲಿ ಒಂದು ಫೈಲು ಯಾರದು ಎಂದು ಬರೆದಿಡಲು ಜಾಗವೇ ಇಲ್ಲ. ಇಂದಿಗೂ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಇದೇ ಕುಲದ ವ್ಯವಸ್ಥೆಯಲ್ಲಿ ಇರುವುದರಿಂದಲೇ ಅವುಗಳ ಫೈಲುಗಳು ಯಾವ ಕಂಪ್ಯೂಟರಿನಲ್ಲೂ ತಕರಾರಿಲ್ಲದೆ ತೆರೆಯುತ್ತವೆ. ಒಡೆತನವನ್ನೂ ಅನುಮತಿಯನ್ನೂ ಫೈಲಿನ ಜೊತೆಗೇ ಬರೆದಿಡುವ ಎನ್‌ಟಿಎಫ್‌ಎಸ್ ಬಂದದ್ದು 1993ರ ವಿಂಡೋಸ್ ಎನ್‌ಟಿಯೊಂದಿಗೆ. 2001ರ ಎಕ್ಸ್‌ಪಿ ಅದನ್ನು ಮನೆಗಳಿಗೆ ತಂದಿತು. ಆದರೆ ಎಕ್ಸ್‌ಪಿ ಹಾಕುವಾಗ ಸೃಷ್ಟಿಯಾಗುತ್ತಿದ್ದ ಖಾತೆಗಳೆಲ್ಲ ಅಡ್ಮಿನಿಸ್ಟ್ರೇಟರ್ ಖಾತೆಗಳೇ ಆಗಿದ್ದರಿಂದ ಮನೆಯವರಿಗೆ ಬೇಲಿ ಕಾಣಿಸಲಿಲ್ಲ. 2007ರಲ್ಲಿ ವಿಸ್ಟಾ ಮಾರುಕಟ್ಟೆಗೆ ಬಂದಾಗ, ದೊಡ್ಡ ಬದಲಾವಣೆ ಮಾಡುವ ಮೊದಲು ಒಪ್ಪಿಗೆ ಕೇಳುವ ಯುಎಸಿ ವ್ಯವಸ್ಥೆ ಶುರುವಾಯಿತು. ಅಲ್ಲಿಂದಾಚೆಗೆ ಈ ದೂರು ಮನೆಮಾತಾಯಿತು.

‘ಈ ಕೆಲಸ ಮಾಡಿದ್ದು ಯಾರ ಲಾಗಿನ್’ ಎಂಬ ಪ್ರಶ್ನೆಯನ್ನು ಈ ಭಾಗದ ಜನ ಮನೆಗಿಂತ ಮೊದಲು ತಾಲೂಕು ಕಚೇರಿಯಲ್ಲಿ ಕಂಡರು. 2000ರ ಸುಮಾರಿಗೆ ರಾಜ್ಯದಲ್ಲಿ ಜಾರಿಯಾದ ‘ಭೂಮಿ’ ಯೋಜನೆ 177 ತಾಲೂಕುಗಳಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕಡೂರು, ತರೀಕೆರೆ ಆ 177ರಲ್ಲಿ ಸೇರಿದ್ದವು. ಈಗ ತಾಲೂಕಾಗಿರುವ ಅಜ್ಜಂಪುರ ಆಗ ತರೀಕೆರೆ ತಾಲೂಕಿನ ಹೋಬಳಿ. ‘ಭೂಮಿ’ಯಲ್ಲಿ ಪಹಣಿ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟು ಒಳಹೋಗಬೇಕಿತ್ತು. ಪಾಸ್‌ವರ್ಡ್ ಇನ್ನೊಬ್ಬರಿಗೆ ಗೊತ್ತಾಗಬಹುದು, ಆಮೇಲೆ ‘ನಾನು ತಿದ್ದಿಲ್ಲ’ ಎನ್ನಬಹುದು ಎಂಬ ಎಚ್ಚರವೇ ಇದಕ್ಕೆ ಕಾರಣ. ಸಾರ್ವಜನಿಕ ದಾಖಲೆಗೆ ಇಷ್ಟು ಕಾಳಜಿ ತೋರಿದ ಊರಿನಲ್ಲೇ, ಮನೆಯ ಕಂಪ್ಯೂಟರಿನಲ್ಲಿ ಇಡೀ ಕುಟುಂಬ ಒಂದೇ ಖಾತೆಯಲ್ಲಿ, ಪಾಸ್‌ವರ್ಡೇ ಇಲ್ಲದೆ ಕೆಲಸ ಮಾಡುವುದು ಇಂದಿಗೂ ವಾಡಿಕೆ.

3. ಹಕ್ಕು ದಾಖಲಾಗುವ ಬಗೆ

ಹೊಸ ಖಾತೆ ತೆರೆದ ಕ್ಷಣದಲ್ಲಿ ವಿಂಡೋಸ್ ಅದಕ್ಕೆ ಎಸ್‌ಐಡಿ ಎಂಬ ಸಂಖ್ಯೆ ಕೊಡುತ್ತದೆ. ಮನೆಯ ಖಾತೆಗಳಲ್ಲಿ ಇದು ‘ಎಸ್-1-5-21’ ಎಂದು ಶುರುವಾಗಿ, ನಡುವೆ ಆ ವಿಂಡೋಸ್ ಸ್ಥಾಪನೆಗೇ ವಿಶಿಷ್ಟವಾದ ಮೂರು ದೊಡ್ಡ ಸಂಖ್ಯೆಗಳನ್ನು ಹೊತ್ತು, ಕೊನೆಯಲ್ಲಿ ಖಾತೆಯ ಕ್ರಮಸಂಖ್ಯೆಯಿಂದ ಮುಗಿಯುತ್ತದೆ. ಮೊದಲ ಬಳಕೆದಾರರಿಗೆ ಸಾಮಾನ್ಯವಾಗಿ 1001 ಸಿಗುತ್ತದೆ; ಯಂತ್ರದಲ್ಲೇ ಅಡಗಿರುವ ಮೂಲ ಅಡ್ಮಿನಿಸ್ಟ್ರೇಟರ್ ಖಾತೆಯದು ಯಾವಾಗಲೂ 500. ಪ್ರತಿ ಫೋಲ್ಡರಿಗೂ ಒಬ್ಬ ಮಾಲೀಕ ಮತ್ತು ಒಂದು ಅನುಮತಿಪಟ್ಟಿ ಇರುತ್ತದೆ. ಎರಡರಲ್ಲೂ ಬರೆದಿರುವುದು ಈ ಸಂಖ್ಯೆಗಳು. ಪರದೆಯ ಮೇಲೆ ಕಾಣುವ ಹೆಸರು ನಮ್ಮ ಅನುಕೂಲಕ್ಕೆ ಆಗಿಂದಾಗ ತುಂಬಿಸಿದ್ದು.

ವಿಂಡೋಸ್ ಹೊಸದಾಗಿ ಹಾಕಿದಾಗ ನಡುವಿನ ಮೂರು ಸಂಖ್ಯೆಗಳು ಬದಲಾಗುತ್ತವೆ. ಮೊದಲಿನ ಹೆಸರನ್ನೇ, ಮೊದಲಿನ ಪಾಸ್‌ವರ್ಡನ್ನೇ ಕೊಟ್ಟರೂ ಯಂತ್ರದ ಲೆಕ್ಕದಲ್ಲಿ ಅದು ಬೇರೆ ವ್ಯಕ್ತಿ. ನಮ್ಮ ಹಳ್ಳಿಗಳಲ್ಲಿ ಅಜ್ಜ ತೀರಿಹೋಗಿ ಎಷ್ಟೋ ವರ್ಷವಾದರೂ ಪಹಣಿ ಅವರ ಹೆಸರಿನಲ್ಲೇ ಉಳಿದು, ಉಳುಮೆ ಮಾಡುವ ಮೊಮ್ಮಗನಿಗೆ ಸಾಲ ಸಿಗದೆ ಪೌತಿ ಖಾತೆಗೆ ಅಲೆಯುವುದುಂಟು. ಹಳೆಯ ಡಿಸ್ಕಿನ ಫೋಲ್ಡರ್ ಕೂಡ ಹಾಗೆಯೇ ಗತಿಸಿದ ಖಾತೆಯ ಹೆಸರಿನಲ್ಲಿ ನಿಂತಿರುತ್ತದೆ. ಜಮೀನು ಎಲ್ಲಿಗೂ ಹೋಗಿರುವುದಿಲ್ಲ, ದಾಖಲೆಯ ವರ್ಗಾವಣೆ ಆಗಿರುವುದಿಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ಸೂಕ್ಷ್ಮ. ‘ನಾನೇ ಅಡ್ಮಿನ್, ನನಗೇ ಯಾಕೆ ಬಿಡುವುದಿಲ್ಲ?’ ಎಂದು ಬಹಳ ಜನ ಕೇಳುತ್ತಾರೆ. ವಿಸ್ಟಾದಿಂದೀಚೆಗೆ ಅಡ್ಮಿನಿಸ್ಟ್ರೇಟರ್ ಒಳಬಂದಾಗ ವಿಂಡೋಸ್ ಅವರಿಗೆ ಎರಡು ಅಧಿಕಾರಪತ್ರ ಸಿದ್ಧಪಡಿಸುತ್ತದೆ, ಒಂದು ಪೂರ್ಣ ಅಧಿಕಾರದ್ದು, ಇನ್ನೊಂದು ಸಾಮಾನ್ಯ ಬಳಕೆದಾರರದ್ದು. ದಿನನಿತ್ಯದ ಕೆಲಸವೆಲ್ಲ ಎರಡನೆಯದರಲ್ಲೇ ನಡೆಯುತ್ತದೆ. ಪರದೆ ಮಸುಕಾಗಿ ‘ಯೆಸ್’ ಕೇಳಿದಾಗ ಒಪ್ಪಿದರೆ ಮಾತ್ರ ಮೊದಲನೆಯದು ಹೊರಬರುತ್ತದೆ.

4. ಮೂರು ಪ್ರಸಂಗಗಳು

ಕಡೂರು: ಹಳೆಯ ಹಾರ್ಡ್‌ಡಿಸ್ಕ್. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಹಳೆಯ ಯಂತ್ರ ಬಿಟ್ಟು ಹೊಸ ಲ್ಯಾಪ್‌ಟಾಪ್ ಕೊಂಡ ಮನೆಯೊಂದು. ತೆಂಗು, ಅಡಿಕೆಯ ಲೆಕ್ಕ, ಮದುವೆಯ ಫೋಟೋ ಎಲ್ಲ ಹಳೆಯ ಡಿಸ್ಕಿನಲ್ಲಿ. ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ಜೋಡಿಸಿದರು. ‘ಯೂಸರ್ಸ್’ ಫೋಲ್ಡರಿನ ಒಳಗೆ ಮನೆಯ ಯಜಮಾನರ ಹೆಸರೂ ಕಂಡಿತು, ಒಳಹೋಗಲು ಮಾತ್ರ ಅನುಮತಿ ಇಲ್ಲ. ‘ಸಾರ್, ಫೋಟೋ ಎಲ್ಲಾ ಹೋದ್ವು’ ಎಂಬ ತೀರ್ಮಾನಕ್ಕೂ ಬಂದಾಗಿತ್ತು.

ಆ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’, ಅದರಲ್ಲಿ ‘ಸೆಕ್ಯುರಿಟಿ’, ಅದರಲ್ಲಿ ‘ಅಡ್ವಾನ್ಸ್ಡ್’ ತೆರೆದೆವು. ಮಾಲೀಕರ ಜಾಗದಲ್ಲಿ ‘ಈಗಿನ ಮಾಲೀಕರನ್ನು ತೋರಿಸಲಾಗುತ್ತಿಲ್ಲ’ ಎಂಬ ಅರ್ಥದ ಸಾಲು. ಅಡ್ಮಿನ್ ಒಪ್ಪಿಗೆ ಕೊಟ್ಟ ಮೇಲೆ ಪಟ್ಟಿ ಬಿಚ್ಚಿಕೊಂಡಿತು: ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್, ಮೂರನೆಯ ಸಾಲಿನಲ್ಲಿ ‘ಅಕೌಂಟ್ ಅನ್‌ನೋನ್’, ಪಕ್ಕದಲ್ಲಿ 1001ರಲ್ಲಿ ಕೊನೆಗೊಳ್ಳುವ ಉದ್ದನೆಯ ಸಂಖ್ಯೆ. ಹೊಸ ಲ್ಯಾಪ್‌ಟಾಪಿನ ಖಾತೆಯದೂ 1001ರಲ್ಲೇ ಮುಗಿಯುತ್ತಿತ್ತು, ನಡುವಿನ ಸಂಖ್ಯೆಗಳು ಬೇರೆ. ಇಂಥ ಕಡೆ ಪರಿಹಾರ ಸುಲಭ. ಫೋಲ್ಡರ್ ತೆರೆಯುವಾಗ ಬರುವ ‘ಕಂಟಿನ್ಯೂ’ ಒತ್ತಿದರೆ ಈಗಿನ ಖಾತೆಯ ಸಂಖ್ಯೆ ಪಟ್ಟಿಗೆ ಸೇರುತ್ತದೆ. ಅದರಿಂದ ಆಗದಿದ್ದರೆ ಮಾಲೀಕರ ಪಕ್ಕದ ‘ಚೇಂಜ್’ ಒತ್ತಿ ಹೆಸರು ಬದಲಿಸಿ, ಒಳಗಿನ ಫೋಲ್ಡರುಗಳಿಗೂ ಅನ್ವಯಿಸಬೇಕು. ಫೋಟೋ ತುಂಬಿದ ಡಿಸ್ಕಿಗೆ ಇದು ಹೊತ್ತು ಹಿಡಿಯುತ್ತದೆ, ನಡುವೆ ತಂತಿ ಕೀಳಬಾರದು.

ತರೀಕೆರೆ: ಒಬ್ಬರಿಗೆ ಕನ್ನಡ, ಇನ್ನೊಬ್ಬರಿಗೆ ಗೀಚು. ಮನೆಯಲ್ಲೇ ಡಿಟಿಪಿ ಮಾಡುವವರ ಕಂಪ್ಯೂಟರಿನಲ್ಲಿ ಎರಡು ಖಾತೆ, ಗಂಡನದೊಂದು, ಹೆಂಡತಿಯದೊಂದು. ಗಂಡನ ಖಾತೆಯಲ್ಲಿ ಚೆನ್ನಾಗಿ ಕಾಣುವ ಆಮಂತ್ರಣ ಪತ್ರಿಕೆ ಹೆಂಡತಿಯ ಖಾತೆಯಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಫೈಲು ಕೆಟ್ಟಿದೆ ಎಂದುಕೊಂಡು ಎರಡೆರಡು ಸಲ ಟೈಪ್ ಮಾಡಿದ್ದರು. ಇದೂ ಅನುಮತಿಯ ತೊಡಕೇ, ವೇಷ ಬೇರೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಇಟ್ಟುಕೊಂಡಿರುತ್ತವೆ. ಫಾಂಟ್ ಸಿಗದಿದ್ದರೆ ಅಡಿಯ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ವಿಂಡೋಸ್ 10ರ 1809ನೇ ಆವೃತ್ತಿಯಿಂದ ಫಾಂಟಿನ ಮೇಲೆ ‘ಇನ್‌ಸ್ಟಾಲ್’ ಒತ್ತಿದರೆ ಅದು ಒತ್ತಿದವರ ಖಾತೆಗೆ ಮಾತ್ರ ಸೇರುತ್ತದೆ. ‘ಎಲ್ಲ ಬಳಕೆದಾರರಿಗೆ’ ಎಂಬ ಆಯ್ಕೆ ಪಕ್ಕದಲ್ಲೇ ಇದೆ, ಅದಕ್ಕೆ ಅಡ್ಮಿನ್ ಒಪ್ಪಿಗೆ ಬೇಕು. ಯೂನಿಕೋಡಿನಲ್ಲಿ ಟೈಪಿಸಿದ ಕಡತಕ್ಕೆ ಈ ಕಾಟ ಇಲ್ಲ. ಅದಕ್ಕೆ ಬೇಕಾದ ನಿರ್ಮಲಾ ಫಾಂಟ್ ವಿಂಡೋಸ್ ಜೊತೆಗೇ ಬಂದು ಎಲ್ಲ ಖಾತೆಗೂ ಸಿಗುತ್ತದೆ.

ಇದೇ ಬಗೆಯ ಇನ್ನೊಂದು ತೊಡಕು ಟೈಪಿಂಗಿನದು. ಕೀಲಿ ಒತ್ತಿದ್ದನ್ನು ನಡುವೆ ಹಿಡಿದು ಕನ್ನಡಕ್ಕೆ ತಿರುಗಿಸುವ ತಂತ್ರಾಂಶ ಸಾಮಾನ್ಯ ಅಧಿಕಾರದಲ್ಲಿ ಓಡುತ್ತಿದ್ದು, ಬರೆಯುವ ತಂತ್ರಾಂಶವನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದಿದ್ದರೆ ಅಲ್ಲಿ ಕನ್ನಡ ಮೂಡುವುದಿಲ್ಲ. ಕೆಳಗಿನ ಅಧಿಕಾರದ ತಂತ್ರಾಂಶ ಮೇಲಿನದರ ಕೀಲಿಗಳನ್ನು ಮುಟ್ಟದಂತೆ ವಿಂಡೋಸ್ ತಡೆಯುತ್ತದೆ. ಎರಡನ್ನೂ ಒಂದೇ ಅಧಿಕಾರದಲ್ಲಿ ತೆರೆದರೆ ಸಾಕು.

ಅಜ್ಜಂಪುರ: ಅಪ್ಪ ಕೊಟ್ಟರೂ ಮಗಳಿಗೆ ಸಿಗದ ಫೈಲು. 2020ರ ಆನ್‌ಲೈನ್ ತರಗತಿಗಳ ಕಾಲದಲ್ಲಿ ಒಂದೇ ಕಂಪ್ಯೂಟರಿನಲ್ಲಿ ಮಕ್ಕಳಿಗೂ ಖಾತೆ ಮಾಡಿಕೊಟ್ಟ ಮನೆಗಳು ಹಲವು. ಅಂಥ ಒಂದು ಮನೆಯಲ್ಲಿ ಮಗಳದು ಸ್ಟ್ಯಾಂಡರ್ಡ್ ಖಾತೆ, ಅದು ಸರಿಯಾದ ಏರ್ಪಾಡು. ಅಪ್ಪ ತಮ್ಮ ‘ಡಾಕ್ಯುಮೆಂಟ್ಸ್’ನಿಂದ ಪ್ರಶ್ನೆಪತ್ರಿಕೆಗಳನ್ನು ಎಲ್ಲರಿಗೂ ಸೇರಿದ ‘ಪಬ್ಲಿಕ್’ ಫೋಲ್ಡರಿಗೆ ಮೂವ್ ಮಾಡಿದರು, ಮಗಳಿಗೆ ತೆರೆಯಲಿಲ್ಲ. ಕಾರಣ, ಒಂದೇ ಡ್ರೈವ್‌ನ ಒಳಗೆ ಮೂವ್ ಮಾಡಿದ ಫೈಲು ತನ್ನ ಹಳೆಯ ಅನುಮತಿಪಟ್ಟಿಯನ್ನೇ ಹೊತ್ತುಕೊಂಡು ಹೋಗುತ್ತದೆ. ಕಾಪಿ ಮಾಡಿದ್ದರೆ ತಲುಪಿದ ಫೋಲ್ಡರಿನ ಪಟ್ಟಿಯನ್ನು ಪಡೆಯುತ್ತಿತ್ತು. ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಮೂವ್ ಮಾಡುವುದು ಕೂಡ ಒಳಗೊಳಗೆ ಕಾಪಿ ಮಾಡಿ ಅಳಿಸುವುದೇ ಆದ್ದರಿಂದ ಅಲ್ಲಿ ಈ ತೊಡಕು ಬರುವುದಿಲ್ಲ. ಮನೆಮಂದಿಗೆ ಕೊಡುವ ಫೈಲನ್ನು ಕಾಪಿ ಮಾಡಿ ಕೊಡಬೇಕು ಎಂಬ ಒಂದು ನಿಯಮ ಸಾಕು.

5. ಪರೀಕ್ಷೆಯ ಕ್ರಮ

ಮೊದಲು, ಇದು ನಿಜಕ್ಕೂ ಅನುಮತಿಯ ತೊಡಕೇ ಎಂದು ಖಚಿತಪಡಿಸಿಕೊಳ್ಳಬೇಕು. ಹೊರಗಿನಿಂದ ಹಾಗೆಯೇ ಕಾಣುವ ಮೂರು ಸಂಗತಿಗಳಿವೆ. ಒಂದು, ವಿಂಡೋಸ್ ಸೆಕ್ಯುರಿಟಿಯ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’. ರ್‍ಯಾನ್ಸಮ್‌ವೇರ್ ತಡೆಯಲು ಬಂದ ಇದು ಅಪರಿಚಿತ ತಂತ್ರಾಂಶ ‘ಡಾಕ್ಯುಮೆಂಟ್ಸ್’ನಲ್ಲಿ ಬರೆಯದಂತೆ ತಡೆಯುತ್ತದೆ, ಫೈಲು ತೆರೆಯುತ್ತದೆ, ಸೇವ್ ಮಾತ್ರ ಆಗುವುದಿಲ್ಲ. ಎರಡು, ತಾತ್ಕಾಲಿಕ ಪ್ರೊಫೈಲ್. ಕರೆಂಟ್ ಹೋಗಿ ಯಂತ್ರ ಥಟ್ಟನೆ ಆರಿದಾಗ ಖಾತೆಯ ವಿವರ ಇರುವ ಫೈಲಿಗೆ ಪೆಟ್ಟುಬಿದ್ದು, ಮುಂದಿನ ಸಲ ಖಾಲಿ ಡೆಸ್ಕ್‌ಟಾಪ್ ಬರಬಹುದು. ಹಳೆಯ ಫೈಲುಗಳು ಸಾಮಾನ್ಯವಾಗಿ ‘ಯೂಸರ್ಸ್’ ಫೋಲ್ಡರಿನಲ್ಲಿ ಕ್ಷೇಮವಾಗಿರುತ್ತವೆ. ಆದರೆ ತಾತ್ಕಾಲಿಕ ಪ್ರೊಫೈಲಿನಲ್ಲಿ ಉಳಿಸಿದ ಹೊಸ ಕೆಲಸ ಸೈನ್ ಔಟ್ ಆದೊಡನೆ ಅಳಿಸಿಹೋಗುತ್ತದೆ, ಆದ್ದರಿಂದ ಅಲ್ಲಿ ಕೆಲಸ ಮುಂದುವರಿಸಬಾರದು. ಮೂರು, ಗೂಢಲಿಪೀಕರಣ. ಡಿಸ್ಕ್ ಬಿಟ್‌ಲಾಕರ್‌ನಲ್ಲಿದ್ದರೆ 48 ಅಂಕಿಗಳ ರಿಕವರಿ ಕೀ ಇಲ್ಲದೆ ಯಾವ ಮಾಲೀಕತ್ವದ ಬದಲಾವಣೆಯೂ ಪ್ರಯೋಜನಕ್ಕೆ ಬಾರದು.

ಈ ಮೂರೂ ಅಲ್ಲವೆಂದಾದರೆ, ಎರಡನೆಯ ಹೆಜ್ಜೆ ‘ನಾನು ಈಗ ಯಾರು’ ಎಂದು ನೋಡುವುದು: ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ ಭಾಗದಲ್ಲಿ ಖಾತೆ ಅಡ್ಮಿನಿಸ್ಟ್ರೇಟರೋ ಅಲ್ಲವೋ ತಿಳಿಯುತ್ತದೆ. ಮೂರನೆಯದು, ಫೋಲ್ಡರಿನ ಮಾಲೀಕರನ್ನೂ ಪಟ್ಟಿಯನ್ನೂ ಓದುವುದು. ಪಟ್ಟಿಯಲ್ಲಿ ‘ಡಿನೈ’ ಸಾಲುಗಳಿವೆಯೇ ಎಂದು ವಿಶೇಷವಾಗಿ ಹುಡುಕಬೇಕು. ಆ ಫೋಲ್ಡರಿನ ಮೇಲೆಯೇ ನೇರವಾಗಿ ಹಾಕಿದ ನಿರಾಕರಣೆ, ಎಷ್ಟು ‘ಅಲೋ’ ಸಾಲುಗಳಿದ್ದರೂ ಅವನ್ನು ಮೀರುತ್ತದೆ. ನಾಲ್ಕನೆಯದು, ಸಾಧ್ಯವಾದಷ್ಟು ಚಿಕ್ಕ ಬದಲಾವಣೆ: ಒಂದು ಫೋಲ್ಡರ್, ಒಂದು ಖಾತೆ, ಬೇಕಾದಷ್ಟೇ ಹಕ್ಕು.

6. ಮಾಡಬಾರದ್ದು

ಬೇಸತ್ತವರು ಇಡೀ ಸಿ ಡ್ರೈವ್‌ನ ಮಾಲೀಕತ್ವವನ್ನು ತಮ್ಮ ಹೆಸರಿಗೆ ಎಳೆದುಕೊಂಡು ‘ಎವ್ರಿವನ್’ ಗುಂಪಿಗೆ ಪೂರ್ಣ ಅಧಿಕಾರ ಕೊಡುವುದುಂಟು. ವಿಂಡೋಸ್‌ನ ಸ್ವಂತ ಫೈಲುಗಳಲ್ಲಿ ಹೆಚ್ಚಿನವಕ್ಕೆ ‘ಟ್ರಸ್ಟೆಡ್ ಇನ್‌ಸ್ಟಾಲರ್’ ಎಂಬ ಮಾಲೀಕನಿರುವುದು ಅಡ್ಮಿನಿಸ್ಟ್ರೇಟರ್ ಕೂಡ ಅವನ್ನು ಕೈತಪ್ಪಿ ಕೆಡಿಸದಿರಲಿ ಎಂದೇ. ಆ ಬೇಲಿ ಕಿತ್ತರೆ ಅಪ್‌ಡೇಟ್‌ಗಳು ಕೆಡಬಹುದು, ಮಾಲ್‌ವೇರ್‌ಗೆ ದಾರಿ ಸಲೀಸಾಗುತ್ತದೆ, ಮೊದಲಿನ ಸ್ಥಿತಿಗೆ ತರುವುದು ಬಹಳ ಕಷ್ಟ. ಯುಎಸಿಯನ್ನು ಆಫ್ ಮಾಡಿಡುವುದೂ ಇದೇ ಸಾಲಿನ ತಪ್ಪು.

7. ತೀರ್ಮಾನ

ಮೂರೂ ಪ್ರಸಂಗಗಳಲ್ಲಿ ಒಂದು ಫೈಲೂ ನಾಶವಾಗಿರಲಿಲ್ಲ. ಮೂರರಲ್ಲೂ ಬೇಕಿದ್ದದ್ದು ಯಾವ ಖಾತೆಗೆ ಏನು ದಾಖಲಾಗಿದೆ ಎಂಬ ಓದು. ಮನೆಯಲ್ಲಿ ದಿನದ ಕೆಲಸಕ್ಕೆ ಪ್ರತಿಯೊಬ್ಬರಿಗೂ ಒಂದು ಸ್ಟ್ಯಾಂಡರ್ಡ್ ಖಾತೆ, ಪಾಸ್‌ವರ್ಡ್ ಮರೆತ ದಿನಕ್ಕೆ ಆಸರೆಯಾಗಿ ಎರಡು ಅಡ್ಮಿನಿಸ್ಟ್ರೇಟರ್ ಖಾತೆ ಇದ್ದರೆ ಹೆಚ್ಚಿನ ತೊಡಕು ಹುಟ್ಟುವುದೇ ಇಲ್ಲ.

ರಿಪೇರಿ ಮಾಡುವವರ ಹೊಣೆಯೂ ಇದೆ. ವಿಂಡೋಸ್ 11ರ ಹೋಮ್ ಆವೃತ್ತಿ ಮೊದಲು ಶುರು ಮಾಡುವಾಗ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಡಿಸ್ಕಿನ ರಿಕವರಿ ಕೀ ಸೇರುವುದೂ ಆ ಖಾತೆಗೇ. ಬೇರೆಯವರ ಇಮೇಲ್ ಹಾಕಿ ಶುರು ಮಾಡಿದ ಲ್ಯಾಪ್‌ಟಾಪಿನ ಕೀ ಮನೆಯವರ ಕೈಯಲ್ಲಿ ಇರುವುದಿಲ್ಲ. ಆದ್ದರಿಂದ ಯಂತ್ರ ಹಿಂದಿರುಗಿಸುವಾಗ ಯಾವ ಇಮೇಲ್‌ನಿಂದ ಶುರು ಮಾಡಲಾಗಿದೆ, ಅಡ್ಮಿನಿಸ್ಟ್ರೇಟರ್ ಖಾತೆ ಯಾವುದು, ಡಿಸ್ಕ್ ಗೂಢಲಿಪಿಯಲ್ಲಿದೆಯೇ ಎಂಬ ಮೂರು ವಿವರಗಳನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಡುವುದು ಈ ಮೂರೂ ಊರುಗಳಲ್ಲಿ ರೂಢಿಯಾಗಬೇಕು. ಮನೆಯವರು ಆ ಚೀಟಿಯನ್ನು ಕೇಳಿ ಪಡೆದು, ಪಹಣಿಯ ನಕಲು ಇಡುವ ಕಡತದಲ್ಲೇ ಇಟ್ಟುಕೊಳ್ಳಬೇಕು.